ಯಾರೂ ಯಾರನ್ನೂ ಮುಟ್ಟದ ಲೋಕ: ‘ದಿ ಮೆಷಿನ್ ಸ್ಟಾಪ್ಸ್’ ಕತೆ ಓದುವ ಬಗೆ

ಒಬ್ಬ ಹೆಂಗಸು ವಾಯುನೌಕೆಯಲ್ಲಿ ಹೋಗುತ್ತಿದ್ದಾಳೆ. ಬಿಸಿಲಿನ ಕೋಲು ಮೈಮೇಲೆ ಬಿದ್ದಾಗ ಬೆಚ್ಚಿ ಪಕ್ಕಕ್ಕೆ ಸರಿಯುತ್ತಾಳೆ. ಆಯ ತಪ್ಪುತ್ತದೆ. ಹತ್ತಿರದಲ್ಲಿದ್ದ ಪರಿಚಾರಕಿ ಥಟ್ಟನೆ ಕೈಚಾಚಿ ಹಿಡಿದುಕೊಳ್ಳುತ್ತಾಳೆ. ಆಗ ಈ ಹೆಂಗಸು, ‘ಎಷ್ಟು ಧೈರ್ಯ ನಿನಗೆ!’ ಎಂದು ಕೂಗುತ್ತಾಳೆ. ಪರಿಚಾರಕಿಗೆ ಗಲಿಬಿಲಿಯಾಗುತ್ತದೆ. ಕ್ಷಮೆ ಕೇಳುತ್ತಾಳೆ. ಯಾವುದಕ್ಕೆ? ಬೀಳಲು ಬಿಡದೆ ಹಿಡಿದುಕೊಂಡದ್ದಕ್ಕೆ.

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅವರ ‘ದಿ ಮೆಷಿನ್ ಸ್ಟಾಪ್ಸ್’ ಕತೆಯಲ್ಲಿ ಈ ಘಟನೆ ಕೆಲವೇ ಸಾಲಲ್ಲಿ ಮುಗಿದುಹೋಗುತ್ತದೆ. ಕತೆ ಮೊದಲು ಅಚ್ಚಾದದ್ದು 1909ರ ನವೆಂಬರ್‌ನಲ್ಲಿ, ಇಂಗ್ಲೆಂಡಿನ ‘ಆಕ್ಸ್‌ಫರ್ಡ್ ಅಂಡ್ ಕೇಂಬ್ರಿಡ್ಜ್ ರಿವ್ಯೂ’ ಪತ್ರಿಕೆಯಲ್ಲಿ. ಆಗ ರೇಡಿಯೋ ಪ್ರಸಾರ ಇರಲಿಲ್ಲ, ಟೆಲಿವಿಷನ್ ಇರಲಿಲ್ಲ. ಫ್ರಾನ್ಸಿನ ಲೂಯಿ ಬ್ಲೆರಿಯೋ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿ ನಾಲ್ಕು ತಿಂಗಳಾಗಿತ್ತು, ಅಷ್ಟೇ. ಹಾಗಿದ್ದೂ ಈ ಕತೆಯಲ್ಲಿ ಕೈಯಲ್ಲಿ ಹಿಡಿಯುವ ದುಂಡನೆಯ ಫಲಕವೊಂದು ಬರುತ್ತದೆ. ಅದು ನೀಲಿಯಾಗಿ ಬೆಳಗುತ್ತದೆ. ಭೂಮಿಯ ಆಚೆ ಬದಿಯಲ್ಲಿರುವ ಮಗ ಅದರಲ್ಲಿ ಕಾಣುತ್ತಾನೆ, ಮಾತಾಡುತ್ತಾನೆ. ಕೂತಲ್ಲೇ ಉಪನ್ಯಾಸ ಕೊಡಬಹುದು, ಕೂತಲ್ಲೇ ಕೇಳಬಹುದು. ಒಬ್ಬೊಬ್ಬರಿಗೂ ಸಾವಿರಾರು ಜನರ ಪರಿಚಯ. ಹೀಗಾಗಿ ಈ ಕತೆಯ ಮಾತು ಬಂದಾಗಲೆಲ್ಲ ಜನ ಮೊದಲು ಹೇಳುವುದು, ‘ವಿಡಿಯೋ ಕಾಲ್, ಇಂಟರ್ನೆಟ್ ಎಲ್ಲವನ್ನೂ ಆಗಲೇ ಹೇಳಿಬಿಟ್ಟಿದ್ದಾರೆ ನೋಡಿ’ ಅಂತ.

ನಿಜವೇ. ಆದರೆ ಅಲ್ಲಿಗೇ ನಿಂತರೆ ಕತೆ ಕೈಗೆ ಸಿಗುವುದಿಲ್ಲ. ಮುಂದೆ ಬರುವ ಸಾಧನಗಳನ್ನು ಸರಿಯಾಗಿ ಊಹಿಸಿದ ಕತೆಗಳು ಬೇಕಾದಷ್ಟಿವೆ, ಅವುಗಳಲ್ಲಿ ಹೆಚ್ಚಿನವನ್ನು ಇವತ್ತು ಯಾರೂ ಓದುವುದಿಲ್ಲ. ಈ ಕತೆ ಉಳಿದಿರುವುದು ಅದು ಎತ್ತುವ ಪ್ರಶ್ನೆಯಿಂದ. ಒಬ್ಬ ಮನುಷ್ಯ ತಾನೇ ತಾನಾಗಿ ಇರಬೇಕಾದರೆ ಏನು ಬೇಕು? ಸ್ವಂತ ಕೋಣೆ ಸಾಕಾ? ಸ್ವಂತ ವಿಚಾರಗಳು ಸಾಕಾ? ಯಾರೂ ತೊಂದರೆ ಕೊಡದೆ ಇದ್ದರೆ ಸಾಕಾ? ಇವೆಲ್ಲ ಇದ್ದೂ ಮನುಷ್ಯ ಮಾಯವಾಗಬಹುದು ಅನ್ನುವುದು ಫಾರ್ಸ್ಟರ್ ಕಂಡ ಸಂಗತಿ. ಮೈಯನ್ನು ಕಳೆದುಕೊಂಡವನು ತನ್ನನ್ನೂ ಕಳೆದುಕೊಳ್ಳುತ್ತಾನೆ ಎನ್ನುವುದು ಅವರ ವಾದ. ಅದಕ್ಕೇ ಮುಟ್ಟುವ, ಬೀಳುವ, ಹಿಡಿದುಕೊಳ್ಳುವ ಘಟನೆಗಳು ಈ ಕತೆಯಲ್ಲಿ ಅಷ್ಟು ಮುಖ್ಯ.

ಕತೆಯ ಹಂದರ ದೊಡ್ಡದಲ್ಲ. ಮನುಷ್ಯರೆಲ್ಲ ನೆಲದಡಿ ಸೇರಿಕೊಂಡಿದ್ದಾರೆ. ಜೇನುಗೂಡಿನ ಕಣದಂಥ ಆರು ಮೂಲೆಯ ಕೋಣೆಗಳು, ಕೋಣೆಗೊಬ್ಬರು. ಕಿಟಕಿ ಇಲ್ಲ, ಆದರೂ ಬೆಳಕಿದೆ. ಗಾಳಿಗೆ ಕಿಂಡಿ ಇಲ್ಲ, ಆದರೂ ಗಾಳಿ ಹೊಸದಾಗಿಯೇ ಇದೆ. ಊಟಕ್ಕೊಂದು ಗುಂಡಿ, ಬಟ್ಟೆಗೊಂದು ಗುಂಡಿ, ಸಂಗೀತಕ್ಕೊಂದು ಗುಂಡಿ. ಬಿಸಿನೀರಿನ ಗುಂಡಿ ಒತ್ತಿದರೆ ನೆಲದಿಂದ ಅಮೃತಶಿಲೆಯಂಥ ತೊಟ್ಟಿಯೇ ಎದ್ದುಬರುತ್ತದೆ. ಮೈ ಸರಿಯಿಲ್ಲ ಅಂದರೆ ಚಾವಣಿಯಿಂದ ದೊಡ್ಡ ಉಪಕರಣವೊಂದು ಇಳಿದು ಬಾಯಿಗೆ ಥರ್ಮಾಮೀಟರ್ ಇಡುತ್ತದೆ, ಎದೆಗೆ ಸ್ಟೆತಸ್ಕೋಪ್ ಹಚ್ಚುತ್ತದೆ. ಇದನ್ನೆಲ್ಲ ನಡೆಸುವುದು ಯಂತ್ರ. ಯಾವ ಯಂತ್ರ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಇರುವುದು ಅದೊಂದೇ.

ಅಂಥ ಒಂದು ಕೋಣೆಯಲ್ಲಿ ವಾಷ್ಟಿ ಇದ್ದಾಳೆ. ಐದಡಿ ಎತ್ತರದ, ಅಣಬೆಯಷ್ಟು ಬೆಳ್ಳಗಿನ ಮುಖದ ಹೆಂಗಸು. ಅವಳ ಮಗ ಕೂನೋ ಉತ್ತರ ಗೋಳಾರ್ಧದಲ್ಲಿ, ಇಂಗ್ಲೆಂಡಿನ ಹಳೆಯ ವೆಸೆಕ್ಸ್ ನೆಲದ ಅಡಿಯಲ್ಲಿ ಇದ್ದಾನೆ. ಒಂದು ದಿನ ಅವನು ಫಲಕದಲ್ಲಿ ಕಾಣಿಸಿಕೊಂಡು, ನನ್ನನ್ನು ನೋಡಲು ಬಾ ಅಮ್ಮಾ ಎಂದು ಕೇಳುತ್ತಾನೆ. ‘ನೋಡ್ತಾನೇ ಇದ್ದೀನಲ್ಲ!’ ಎಂಬುದು ಅವಳ ಉತ್ತರ. ಯಂತ್ರದ ಮೂಲಕ ಬೇಡ ಅನ್ನುತ್ತಾನೆ ಮಗ. ಕತೆಯ ಮೂರೂ ಭಾಗಗಳು ಈ ಒಂದು ಕೇಳಿಕೆಯಿಂದ ಹುಟ್ಟುತ್ತವೆ. ಮೊದಲ ಭಾಗದಲ್ಲಿ ಅವಳು ಹೊರಡುತ್ತಾಳೆ; ಆರಂಭದಲ್ಲಿ ನಾವು ವಾಯುನೌಕೆಯಲ್ಲಿ ಕಂಡ ಹೆಂಗಸು ಇವಳೇ. ಎರಡನೆಯದರಲ್ಲಿ ಅವನು ತನ್ನ ಗುಟ್ಟು ಹೇಳುತ್ತಾನೆ: ಅನುಮತಿ ಇಲ್ಲದೆ ನೆಲದ ಮೇಲಕ್ಕೆ ಹೋಗಿ ಬಂದಿದ್ದಾನೆ, ಅದಕ್ಕೆ ‘ಮನೆಯಿಲ್ಲದವನಾಗುವ’ ಶಿಕ್ಷೆಯ ಬೆದರಿಕೆ ಬಂದಿದೆ. ಅಂದರೆ ಹೊರಗೆ ತಳ್ಳಿ ಸಾಯಲು ಬಿಡುವುದು. ಮೂರನೆಯದರಲ್ಲಿ ಯಂತ್ರ ನಿಲ್ಲುತ್ತದೆ.

ಒಂಟಿಯಾಗಿದ್ದೂ ‘ತಾನು’ ಇಲ್ಲದವರು

ಮೊದಲ ಸಲ ಓದುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಡಿಸ್ಟೋಪಿಯಾ, ಅಂದರೆ ಬದುಕು ಕೆಟ್ಟುಹೋದ ಕಲ್ಪಿತ ಲೋಕದ ಕತೆ, ಅಂದಕೂಡಲೇ ನಾವು ಒಂದು ಚಿತ್ರ ಇಟ್ಟುಕೊಂಡಿರುತ್ತೇವೆ. ಒಬ್ಬ ಸರ್ವಾಧಿಕಾರಿ, ಗುಪ್ತ ಪೊಲೀಸರು, ಸಾಲಾಗಿ ನಿಂತ ಒಂದೇ ಥರದ ಜನ. ವ್ಯಕ್ತಿಯನ್ನು ಗುಂಪು ನುಂಗುವುದೇ ಅಲ್ಲಿ ಭಯ. ಇಪ್ಪತ್ತನೆಯ ಶತಮಾನದ ಹೆಸರಾಂತ ಡಿಸ್ಟೋಪಿಯಾಗಳಲ್ಲಿ ಹೆಚ್ಚಿನವು ಈ ಜಾಡಿನವೇ.

ಫಾರ್ಸ್ಟರ್ ಕತೆಯಲ್ಲಿ ಗುಂಪೇ ಇಲ್ಲ. ಪ್ರತಿಯೊಬ್ಬರೂ ಒಂಟಿ. ಬಾಗಿಲು ಹಾಕಿಕೊಂಡ ಕೋಣೆ, ಬೇಕಾದಾಗ ಎಲ್ಲ ಸಂಪರ್ಕ ಕಡಿದುಕೊಳ್ಳಲು ಒಂದು ಸ್ವಿಚ್ ಕೂಡ ಇದೆ. ಸಭೆ ಸೇರುವ ಪದ್ಧತಿಯನ್ನು ಕೈಬಿಟ್ಟು ಎಷ್ಟೋ ಕಾಲವಾಗಿದೆ. ಯಾರೂ ಯಾರ ವಿಚಾರಕ್ಕೂ ಬೀಗ ಹಾಕುವುದಿಲ್ಲ. ಬದಲಿಗೆ ವಿಚಾರಗಳಿಗೆ ಎಲ್ಲಿಲ್ಲದ ಬೆಲೆ. ವಾಷ್ಟಿ ದಿನವಿಡೀ ಹೊಸ ವಿಚಾರ ಸಿಕ್ಕಿತಾ ಅಂತ ಗೆಳೆಯರನ್ನು ಕೇಳುತ್ತಿರುತ್ತಾಳೆ. ಮಗ ಕರೆ ಮಾಡಿದಾಗ ಅವಳು ಅವನಿಗೆ ಕೊಡುವುದು ಐದು ನಿಮಿಷ. ಅದಾದ ಮೇಲೆ ‘ಆಸ್ಟ್ರೇಲಿಯನ್ ಕಾಲದ ಸಂಗೀತ’ದ ಬಗ್ಗೆ ಅವಳ ಉಪನ್ಯಾಸವಿದೆ.

ಹಾಗಾದರೆ ಇವಳಿಗೆ ವ್ಯಕ್ತಿತ್ವ ಇಲ್ಲ ಅನ್ನುವುದು ಹೇಗೆ? ಇದಕ್ಕೆ ಉತ್ತರ ಕತೆಯ ಸಣ್ಣಪುಟ್ಟ ವಸ್ತುಗಳಲ್ಲಿ ಅಡಗಿದೆ. ಲೋಕದ ಎಲ್ಲ ಮಂಚಗಳೂ ಒಂದೇ ಅಳತೆಯವು. ಬೇರೆ ಅಳತೆಯ ಮಂಚ ಕೇಳಿದರೆ ಯಂತ್ರದಲ್ಲಿ ಎಷ್ಟೆಷ್ಟೋ ಬದಲಾಯಿಸಬೇಕು, ಅದಕ್ಕೇ ವಾಷ್ಟಿ ತನಗೆ ಒಗ್ಗದಿದ್ದರೂ ಸುಮ್ಮನಿದ್ದಾಳೆ. ಊರುಗಳೂ ಹಾಗೆಯೇ. ಚೀನಾದ ಪೀಕಿಂಗ್ ಥೇಟ್ ಇಂಗ್ಲೆಂಡಿನ ಶ್ರೂಸ್‌ಬರಿಯಂತೆಯೇ ಇದ್ದರೆ ಅಲ್ಲಿಗೆ ಯಾಕೆ ಹೋಗಬೇಕು ಎಂದು ಕತೆಗಾರ ಕೇಳುತ್ತಾರೆ. ಒಬ್ಬರ ಕೋಣೆಯನ್ನು ಇನ್ನೊಬ್ಬರ ಕೋಣೆಯೊಂದಿಗೆ ಅದಲುಬದಲು ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಮಗನ ಕೋಣೆಗೆ ಕೊನೆಗೂ ಬಂದು ತಲುಪಿದ ವಾಷ್ಟಿಗೆ ಕಾಣುವುದು ತನ್ನದೇ ಕೋಣೆ. ಅದೇ ಗುಂಡಿಗಳು, ಅದೇ ಮೇಜು, ಅದೇ ಬೆಳಕು. ಇಷ್ಟು ದೂರ ಬಂದು ಏನು ಸಿಕ್ಕಿತು ಎಂದು ಅವಳಿಗೆ ಬೇಸರ. ಮಗ ಎದುರಿಗೆ ಕೂತಿದ್ದಾನೆ ಅನ್ನುವುದು ಅವಳಿಗೆ ಒಂದು ಲಾಭವಾಗಿ ಕಾಣುವುದೇ ಇಲ್ಲ.

ಒಂಟಿಯಾಗಿರುವುದೂ ತಾನಾಗಿರುವುದೂ ಒಂದೇ ಅಲ್ಲ. ಈ ಕತೆಯ ಅರ್ಧ ಬಲ ಈ ವ್ಯತ್ಯಾಸದಲ್ಲಿದೆ ಎಂದು ನನ್ನ ನಂಬಿಕೆ. ಗುಂಪಿನಿಂದ ಬಿಡಿಸಿಕೊಂಡರೆ ವ್ಯಕ್ತಿ ಉಳಿಯುತ್ತಾನೆ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ, ಅಲ್ವಾ? ಫಾರ್ಸ್ಟರ್ ಎಲ್ಲರನ್ನೂ ಪೂರ್ತಿಯಾಗಿ ಬಿಡಿಸಿ, ಒಂದೊಂದು ಕಣದಲ್ಲಿ ಕೂರಿಸಿ, ಈಗ ಹುಡುಕಿ ನೋಡಿ ಅನ್ನುತ್ತಾರೆ. ಇನ್ನೊಬ್ಬರು ತಾಗದ ಕಡೆ, ನೆಲ ತಾಗದ ಕಡೆ, ಬಿಸಿಲು ತಾಗದ ಕಡೆ ‘ನಾನು’ ಎಲ್ಲಿ ಶುರುವಾಗುತ್ತೇನೆ, ಎಲ್ಲಿ ಮುಗಿಯುತ್ತೇನೆ ಎಂದೇ ತಿಳಿಯುವುದಿಲ್ಲ.

ಹತ್ತಿರ, ದೂರ

ಎರಡನೆಯ ಭಾಗದಲ್ಲಿ ಕೂನೋ ತಾನು ಹೊರಗೆ ಹೋದ ಬಗೆ ಹೇಳುತ್ತಾನೆ. ಇಡೀ ಕತೆಯಲ್ಲಿ ನಿಧಾನವಾಗಿ ಓದಬೇಕಾದ ಜಾಗ ಯಾವುದು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಅವನ ದಂಗೆ ಶುರುವಾಗುವುದು ಘೋಷಣೆಯಿಂದಲ್ಲ, ನಡಿಗೆಯಿಂದ.

ಅವನ ಕೋಣೆಯ ಹೊರಗೆ ರೈಲಿನ ಪ್ಲಾಟ್‌ಫಾರ್ಮ್ ಇದೆ. ಅದರ ಮೇಲೆ ಅವನು ಆ ತುದಿಯಿಂದ ಈ ತುದಿಗೆ ನಡೆಯುತ್ತಾನೆ. ಸುಸ್ತಾಗುವವರೆಗೂ ನಡೆಯುತ್ತಾನೆ. ಹಾಗೆ ನಡೆದೂ ನಡೆದೂ ‘ಹತ್ತಿರ’ ಎಂದರೇನು, ‘ದೂರ’ ಎಂದರೇನು ಎಂಬುದು ಅವನಿಗೆ ಮತ್ತೆ ಸಿಗುತ್ತದೆ. ಕಾಲಿನಿಂದ ಬೇಗ ಹೋಗಬಹುದಾದದ್ದು ಹತ್ತಿರ. ರೈಲು, ವಾಯುನೌಕೆ ಬೇಗ ಕರೆದೊಯ್ಯುವ ಜಾಗ ಹತ್ತಿರವಲ್ಲ. ಮುಂದೆ ಅವನು ಇನ್ನೂ ಒಂದು ಹೆಜ್ಜೆ ಹೋಗುತ್ತಾನೆ. ದೂರಕ್ಕೆ ಅಳತೆ ಕಾಲು, ಸ್ವಂತದ್ದು ಯಾವುದು ಎನ್ನುವುದಕ್ಕೆ ಅಳತೆ ಕೈ, ಪ್ರೀತಿಸುವಂಥದ್ದು ಯಾವುದು ಎನ್ನುವುದಕ್ಕೆ ಅಳತೆ ಮೈ. ಮನುಷ್ಯನೇ ಅಳತೆಗೋಲು ಎನ್ನುವುದು ಅವನು ಕಂಡುಕೊಂಡ ಪಾಠ. ಇದು ಗ್ರೀಕ್ ಚಿಂತಕ ಪ್ರೊಟಾಗೊರಸ್‌ನ ಹಳೆಯ ಮಾತು. ಕೂನೋ ಅದನ್ನು ಪುಸ್ತಕದಿಂದ ಎತ್ತಿಕೊಳ್ಳದೆ ಸೋತ ಕಾಲುಗಳಿಂದ ಕಲಿಯುತ್ತಾನೆ.

ಈ ಜಾಗಕ್ಕೆ ಒಂದು ಹಿನ್ನೆಲೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು, ಟೆಲಿಗ್ರಾಫ್ ಬಂದಾಗ ಯುರೋಪು, ಅಮೆರಿಕಗಳಲ್ಲಿ ‘ದೂರ ಅಳಿದುಹೋಯಿತು’ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಹೆಮ್ಮೆಯಿಂದ ಹೇಳುತ್ತಿದ್ದ ಮಾತದು. ಕೂನೋ ಅದನ್ನೇ ಹಿಡಿದು ತಿರುಗಿಸುತ್ತಾನೆ. ಅಳಿದದ್ದು ದೂರ ಅಲ್ಲ, ದೂರದ ಅರಿವು. ಪೀಕಿಂಗ್‌ಗೂ ಶ್ರೂಸ್‌ಬರಿಗೂ ನಡುವೆ ನೆಲ ಹಾಗೇ ಬಿದ್ದಿದೆ. ಅದು ತಿಳಿಯುವ ಮೈ ಮಾತ್ರ ಇಲ್ಲ.

ತಂತ್ರಜ್ಞಾನದ ಬಗ್ಗೆ ಇದಕ್ಕಿಂತ ಚುರುಕಾದ ಮಾತನ್ನು ನಾನು ಕತೆಗಳಲ್ಲಿ ಜಾಸ್ತಿ ಕಂಡಿಲ್ಲ. ಸಾಧನವೊಂದು ನಮಗೆ ಏನು ಕೊಡುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಯಾವ ಅರಿವನ್ನು ಬಳಸದೆ ಇರಲು ಅದು ಅವಕಾಶ ಕೊಡುತ್ತದೆ ಎಂದು ಕೇಳುವುದು ಕಷ್ಟ, ಯಾಕೆಂದರೆ ಬಳಸದೆ ಬಿಟ್ಟ ಅರಿವು ಹೋದದ್ದು ನಮಗೆ ಗೊತ್ತೇ ಆಗುವುದಿಲ್ಲ. ವಾಷ್ಟಿಗೆ ಯಾವುದರ ಕೊರತೆಯೂ ಕಾಣುತ್ತಿಲ್ಲ. ಅವಳ ಲೋಕದಲ್ಲಿ ಗಟ್ಟಿ ಮೈಯೇ ಒಂದು ದೋಷ. ಹುಟ್ಟಿದ ಮಗುವನ್ನು ಪರೀಕ್ಷಿಸಿ, ಬಲಶಾಲಿಯಾಗುವ ಲಕ್ಷಣ ಕಂಡರೆ ಕೊಲ್ಲುತ್ತಾರೆ. ಅಂಥ ಮಗು ಗಿಡಮರ ಹತ್ತಲು, ನದಿಯಲ್ಲಿ ಈಜಲು ಹಂಬಲಿಸುತ್ತದೆ, ಯಂತ್ರದ ಕೋಣೆಯಲ್ಲಿ ಅದಕ್ಕೆ ಸುಖವಿಲ್ಲ ಎನ್ನುವುದು ಕೊಡುವ ಕಾರಣ. ಕೂನೋ ತಂದೆಯಾಗಲು ಅನುಮತಿ ಕೇಳಿದ್ದ, ಅದೂ ಸಿಗಲಿಲ್ಲ. ಯಂತ್ರ ಮುಂದುವರಿಸಲು ಬಯಸುವ ತಳಿ ಅವನದಲ್ಲ.

‘ಇಷ್ಟು ಸಾಕು’ ಎನ್ನುವ ದನಿ

ಈ ಕತೆಯಲ್ಲಿ ಓದುಗರನ್ನು ಗೊಂದಲಕ್ಕೆ ಬೀಳಿಸುವ ಇನ್ನೊಂದು ಸಂಗತಿ ಕತೆ ಹೇಳುವ ದನಿ. ಮಗ ಫಲಕದಲ್ಲಿ ಮಾತಾಡುವಾಗ ಅವನ ಮುಖ ಬಾಡಿದೆಯೇನೋ ಎಂದು ವಾಷ್ಟಿಗೆ ಅನಿಸುತ್ತದೆ. ಆದರೆ ಖಚಿತವಾಗುವುದಿಲ್ಲ. ಯಾಕೆಂದರೆ ಯಂತ್ರ ಮುಖದ ಸೂಕ್ಷ್ಮ ಭಾವಗಳನ್ನು ಸಾಗಿಸುವುದಿಲ್ಲ. ಜನರ ಒಂದು ಅಂದಾಜು ಚಿತ್ರ ಕೊಡುತ್ತದೆ, ಕೆಲಸಕ್ಕೆ ಅಷ್ಟು ಸಾಕು. ದ್ರಾಕ್ಷಿಯ ಮೇಲಿನ ತೆಳುವಾದ ಬಿಳಿ ಪದರವನ್ನು ಕೃತಕ ಹಣ್ಣು ಮಾಡುವವರು ಬಿಟ್ಟುಬಿಟ್ಟ ಹಾಗೆ, ಮನುಷ್ಯರ ಒಡನಾಟದಲ್ಲಿ ಕೈಗೆ ಸಿಗದ ಆ ನವಿರನ್ನು ಯಂತ್ರ ಬಿಟ್ಟುಬಿಟ್ಟಿತು, ಮತ್ತು ಬಿಟ್ಟದ್ದು ಸರಿಯೇ ಎನ್ನುತ್ತದೆ ಕತೆಯ ದನಿ.

ಸರಿಯೇ? ಫಾರ್ಸ್ಟರ್ ಹಾಗೆ ನಂಬಿದ್ದರಾ? ಖಂಡಿತ ಇಲ್ಲ. ಇಲ್ಲಿ ಮಾತಾಡುತ್ತಿರುವುದು ವಾಷ್ಟಿಯ ಲೋಕದ ತಿಳಿವಳಿಕೆ. ಕತೆಗಾರರು ಆ ಲೋಕದ ಒಳಗಿನ ದನಿಯನ್ನೇ ಎರವಲು ಪಡೆದು, ಅದರ ತರ್ಕವನ್ನು ಅದರ ಬಾಯಿಂದಲೇ ಹೇಳಿಸುತ್ತಾರೆ. ಓದುವಾಗ ‘ಸರಿಯಾಗಿಯೇ’, ‘ಪ್ರಗತಿ’, ‘ನಾಗರಿಕತೆ’ ಎಂಬ ಮಾತು ಬಂದ ಕಡೆಯೆಲ್ಲ ಒಂದು ಕ್ಷಣ ನಿಂತು, ಇದನ್ನು ಯಾರು ಅನ್ನುತ್ತಿದ್ದಾರೆ ಎಂದು ಕೇಳಿಕೊಳ್ಳಬೇಕು. ಪರಿಚಾರಕಿ ಕೈಹಿಡಿದದ್ದನ್ನು ಕತೆ ‘ಅನಾಗರಿಕ’ ನಡತೆ ಅನ್ನುವುದೂ ಇದೇ ದನಿಯಲ್ಲಿ. ಈ ಕೀಲಿ ಸಿಕ್ಕಿದರೆ ಮೊದಲ ಭಾಗ ಪೂರ್ತಿ ಬೇರೆಯಾಗಿ ಕೇಳಿಸುತ್ತದೆ.

ವಾಯುನೌಕೆಯ ಪ್ರಯಾಣವನ್ನೇ ನೋಡಿ. ಎರಡು ದಿನದ ದಾರಿ. ಕೆಳಗೆ ಹಿಮಾಲಯ ಬರುತ್ತದೆ. ಕಿಟಕಿ ಮುಚ್ಚಿ, ಈ ಬೆಟ್ಟಗಳಿಂದ ನನಗೇನೂ ವಿಚಾರ ಹೊಳೆಯುತ್ತಿಲ್ಲ ಅನ್ನುತ್ತಾಳೆ ವಾಷ್ಟಿ. ಕಾಕಸಸ್ ಬೆಟ್ಟಗಳು ಬಂದಾಗಲೂ ಅದೇ ಮಾತು. ಗ್ರೀಸ್ ಬಂದಾಗಲೂ ಅದೇ ಮಾತು, ಕಿಟಕಿಗೆ ಲೋಹದ ಪರದೆ. ಅವಳು ದಡ್ಡಿಯಲ್ಲ. ಗ್ರೀಸಿನ ಬಗ್ಗೆ ಅವಳು ಉಪನ್ಯಾಸ ಕೇಳಿರಬಹುದು, ಕೊಟ್ಟಿರಲೂಬಹುದು. ಎದುರಿಗೆ ಬಂದ ಗ್ರೀಸ್ ಮಾತ್ರ ಅವಳಿಗೆ ಬೇಡ.

ಮೂರನೆಯ ಭಾಗದಲ್ಲಿ ಇದು ಸಿದ್ಧಾಂತವೇ ಆಗಿಬಿಡುತ್ತದೆ. ನೆಲದ ಮೇಲೆ ಹೋಗಲು ಬೇಕಾದ ಉಸಿರಾಟದ ಸಾಧನಗಳನ್ನು ರದ್ದು ಮಾಡುತ್ತಾರೆ, ಅಂದರೆ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ. ವಿದ್ವಾಂಸರು ಅದನ್ನು ಹೊಗಳುತ್ತಾರೆ. ಒಬ್ಬ ಉಪನ್ಯಾಸಕ ನೇರವಾಗಿ ಹುಟ್ಟಿದ ವಿಚಾರಗಳ ಬಗ್ಗೆ ಹುಷಾರಾಗಿರಿ ಎಂದು ಎಚ್ಚರಿಸುತ್ತಾನೆ. ವಿಚಾರ ಕೈಯಿಂದ ಕೈಗೆ ದಾಟಿ ಬರಬೇಕು, ಹತ್ತು ಕೈ ದಾಟಿದ್ದರೆ ಇನ್ನೂ ಒಳ್ಳೆಯದು. ಆಗ ಕಣ್ಣಾರೆ ನೋಡುವ ಗೊಂದಲ ಇರುವುದಿಲ್ಲ. ಫ್ರೆಂಚ್ ಕ್ರಾಂತಿಯ ಬಗ್ಗೆ ತಿಳಿಯಬೇಕಾದರೆ ಕ್ರಾಂತಿಯ ಬಗ್ಗೆ ಓದಬೇಡಿ. ಅದರ ಬಗ್ಗೆ ಒಬ್ಬರು ಅಂದುಕೊಂಡದ್ದರ ಬಗ್ಗೆ ಇನ್ನೊಬ್ಬರು ಅಂದುಕೊಂಡದ್ದನ್ನು, ಹೀಗೆ ಸರಪಳಿ ಹಿಡಿದು ಓದಿ. ಮುಂದೊಂದು ದಿನ ಸಂಗತಿಗಳನ್ನೂ ಅನುಭವಗಳನ್ನೂ ದಾಟಿದ, ಬಣ್ಣವೇ ಇಲ್ಲದ, ವ್ಯಕ್ತಿತ್ವದ ಕಳಂಕ ತಾಗದ ಪೀಳಿಗೆ ಬರುತ್ತದೆ ಎಂದು ಅವನು ಕನಸು ಕಾಣುತ್ತಾನೆ. ಕೇಳಿದವರೆಲ್ಲ ಚಪ್ಪಾಳೆ ತಟ್ಟುವಷ್ಟು ಆ ಮಾತು ಅವರ ಮನಸ್ಸಿನಲ್ಲೇ ಇತ್ತು.

ವ್ಯಕ್ತಿತ್ವವನ್ನು ಇಲ್ಲಿ ಯಾರೂ ಕಿತ್ತುಕೊಳ್ಳುತ್ತಿಲ್ಲ ಎಂಬುದನ್ನು ಗಮನಿಸಿ. ಅದು ಹೋಗಲಿ ಎಂದು ಜನರೇ ಬಯಸುತ್ತಾರೆ. ಕಣ್ಣಾರೆ ನೋಡಿದವನಿಗೆ ಒಂದು ತನ್ನದೇ ನಿಲುವು ಬಂದುಬಿಡುತ್ತದೆ. ನಾನು ನಿಂತ ಜಾಗ, ನನ್ನ ಕಣ್ಣು, ಆ ಹೊತ್ತಿನ ಬೆಳಕು ಎಲ್ಲ ಸೇರಿ ನೋಟ ನನ್ನದಾಗುತ್ತದೆ. ಹತ್ತು ಕೈ ದಾಟಿ ಬಂದ ವಿಚಾರದಲ್ಲಿ ಅದ್ಯಾವುದೂ ಇರುವುದಿಲ್ಲ. ನುಣುಪಾಗಿರುತ್ತದೆ, ಯಾರದ್ದೂ ಆಗಿರುವುದಿಲ್ಲ.

ಖಳನಿಲ್ಲದ ಕತೆ

ಹಾಗಾದರೆ ತಪ್ಪು ಯಾರದ್ದು? ಕತೆಯಲ್ಲಿ ಒಂದು ಕೇಂದ್ರ ಸಮಿತಿ ಇದೆ. ಆದರೆ ಅದು ಬದಲಾವಣೆಗಳನ್ನು ಘೋಷಿಸುತ್ತದೆ, ಅಷ್ಟೇ. ಹಿಂದಿನ ಕಾಲದ ಯುದ್ಧಗಳಿಗೆ ರಾಜರು ಎಷ್ಟು ಕಾರಣರೋ ಈ ಬದಲಾವಣೆಗಳಿಗೆ ಸಮಿತಿಯೂ ಅಷ್ಟೇ ಕಾರಣ ಎಂದು ಫಾರ್ಸ್ಟರ್ ಬರೆಯುತ್ತಾರೆ. ಎಲ್ಲಿಂದಲೋ ಬಂದ ಒತ್ತಡಕ್ಕೆ ಅವರೂ ಮಣಿಯುತ್ತಾರೆ. ಜನ ಯಂತ್ರಕ್ಕೆ ಮಾಡುವ ಸೇವೆ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತದೆ, ಅವರ ತಿಳಿವಳಿಕೆ ಮಾತ್ರ ಕುಗ್ಗುತ್ತದೆ. ಪ್ರತಿಯೊಬ್ಬನಿಗೂ ತನ್ನ ಪಾಲಿನ ಕೆಲಸ ಚೆನ್ನಾಗಿ ಗೊತ್ತು, ಪಕ್ಕದವನದು ಗೊತ್ತಿಲ್ಲ. ಇಡೀ ಯಂತ್ರ ಅರ್ಥವಾಗಿರುವ ಒಬ್ಬನೂ ಭೂಮಿಯಲ್ಲಿ ಉಳಿದಿಲ್ಲ.

ಪೂಜೆಯೂ ಹೀಗೇ ಬೆಳೆಯುತ್ತದೆ. ಎಲ್ಲರ ಕೋಣೆಯಲ್ಲೂ ಯಂತ್ರದ ಪುಸ್ತಕವೊಂದಿದೆ. ಯಾವ ಗುಂಡಿ ಯಾವುದಕ್ಕೆ, ವಾಯುನೌಕೆ ಎಷ್ಟು ಹೊತ್ತಿಗೆ ಎಂದೆಲ್ಲ ತಿಳಿಸುವ ಕೈಪಿಡಿ ಅದು. ತಂದೆತಾಯಿಯ ಕರ್ತವ್ಯ ಮಗು ಹುಟ್ಟಿದ ಕ್ಷಣಕ್ಕೆ ಮುಗಿಯುತ್ತದೆ ಎಂಬ ನಿಯಮವೂ ಅದರಲ್ಲಿದೆ. ವಾಷ್ಟಿ ಮೊದಲ ಭಾಗದಲ್ಲೇ ಆ ಪುಸ್ತಕಕ್ಕೆ ಮೂರು ಸಲ ಮುತ್ತಿಡುತ್ತಾಳೆ, ಮೂರು ಸಲ ತಲೆಬಾಗುತ್ತಾಳೆ, ಆದರೆ ತಾನು ಭಕ್ತೆ ಎಂದು ಒಪ್ಪುವುದಿಲ್ಲ. ಮೂರನೆಯ ಭಾಗದಲ್ಲಿ ಯಾರಿಗೂ ಸಂಕೋಚ ಉಳಿದಿರುವುದಿಲ್ಲ. ಕೆಲವರು ನೀಲಿ ಫಲಕವನ್ನು, ಕೆಲವರು ಲಿಫ್ಟನ್ನು, ಕೆಲವರು ಯಂತ್ರ ಕೆಟ್ಟರೆ ಸರಿಮಾಡುವ ರಿಪೇರಿ ಉಪಕರಣವನ್ನು ಪೂಜಿಸುತ್ತಾರೆ.

ಆಮೇಲೆ ಬರುವ ಪುಟಗಳು ಇವತ್ತು ಓದಿದಾಗಲೂ ಮೈ ಜುಮ್ಮೆನ್ನಿಸುತ್ತವೆ. ಸಂಗೀತದ ನಡುವೆ ಏದುಸಿರಿನಂಥ ಸದ್ದು ಬರಲು ಶುರುವಾಗುತ್ತದೆ. ವಾಷ್ಟಿ ದೂರು ಕೊಡುತ್ತಾಳೆ. ಬೇಗ ಸರಿಹೋಗುತ್ತದೆ ಎಂಬ ಉತ್ತರ ಬರುತ್ತದೆ. ‘ಬೇಗ’ ಎಂದರೇನು, ಈಗಲೇ ಆಗಬೇಕು ಅನ್ನುತ್ತಾಳೆ. ದೂರನ್ನು ಕೇಂದ್ರ ಸಮಿತಿಗೆ ಕಳಿಸುತ್ತೇವೆ ಅನ್ನುತ್ತಾರೆ. ಸರಿಹೋಗುವುದಿಲ್ಲ. ಕೊನೆಗೆ ಏನಾಗುತ್ತದೆ? ಅವಳಿಗೆ ಅಭ್ಯಾಸವಾಗುತ್ತದೆ. ಆ ಏದುಸಿರೂ ರಾಗದ ಒಂದು ಭಾಗ ಎಂದು ಅವಳ ಕಿವಿ ಒಪ್ಪಿಕೊಳ್ಳುತ್ತದೆ. ಸ್ನಾನದ ನೀರು ನಾರುತ್ತದೆ, ಕೃತಕ ಹಣ್ಣಿಗೆ ಬೂಸ್ಟು ಹಿಡಿಯುತ್ತದೆ, ಯಂತ್ರ ಹೊಸೆಯುವ ಕವಿತೆಯ ಪ್ರಾಸ ತಪ್ಪುತ್ತದೆ. ಮೊದಲು ಬೈಗಳು, ಆಮೇಲೆ ಒಗ್ಗುವಿಕೆ, ಆಮೇಲೆ ಮರೆವು. ಮಲಗಲು ಮಂಚ ಬರದೆ ಹೋದಾಗ ಮಾತ್ರ ಜನಕ್ಕೆ ದಿಗಿಲು. ರಿಪೇರಿ ಉಪಕರಣವೇ ರಿಪೇರಿಗೆ ಬಂದಿದೆ ಎಂದು ಆಗ ಒಪ್ಪಿಕೊಳ್ಳುತ್ತಾರೆ.

ಇದನ್ನೆಲ್ಲ ಫಾರ್ಸ್ಟರ್ ಗಾಳಿಯಲ್ಲಿ ಕಟ್ಟಲಿಲ್ಲ. ಲಂಡನ್ನಿನಲ್ಲಿ 1890ರಿಂದಲೇ ನೆಲದಾಳದಲ್ಲಿ ವಿದ್ಯುತ್ ರೈಲು ಓಡುತ್ತಿತ್ತು. 1895ರಿಂದ ‘ಎಲೆಕ್ಟ್ರೋಫೋನ್’ ಎಂಬ ಸೇವೆ ಇತ್ತು. ಚಂದಾ ಕಟ್ಟಿದವರು ಮನೆಯಲ್ಲೇ ಕೂತು ಟೆಲಿಫೋನ್ ತಂತಿಯಲ್ಲಿ ನಾಟಕ, ಸಂಗೀತ ಕೇಳಬಹುದಿತ್ತು. ಜರ್ಮನಿಯಲ್ಲಿ ಜೆಪ್ಪೆಲಿನ್ ವಾಯುನೌಕೆ 1900ರಲ್ಲಿ ಹಾರಿತ್ತು. ಕಣ್ಣೆದುರು ಬಿಡಿಬಿಡಿಯಾಗಿ ಇದ್ದದ್ದನ್ನು ಅವರು ಒಂದೇ ಯಂತ್ರವಾಗಿ ಜೋಡಿಸಿದರು. ಜೊತೆಗೆ ಒಂದು ಜಗಳವೂ ಇತ್ತು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ತಮ್ಮ ಆರಂಭದ ಬರಹಗಳಲ್ಲಿ ಕಟ್ಟಿದ ಸ್ವರ್ಗಗಳಲ್ಲಿ ಒಂದಕ್ಕೆ ಪ್ರತಿಕ್ರಿಯೆಯಾಗಿ ಈ ಕತೆ ಬಂತೆಂದು ಫಾರ್ಸ್ಟರ್ ಅವರೇ ಮುಂದೆ ಹೇಳಿದ್ದಾರೆ. ವಿಜ್ಞಾನವನ್ನು ಜಾಣತನದಿಂದ ನಡೆಸಿದರೆ ಲೋಕ ಸುಧಾರಿಸುತ್ತದೆ ಎಂಬ ಭರವಸೆಗೆ ಕೊಟ್ಟ ಉತ್ತರ ಅದು.

ಕೊನೆಯ ಮಾತು ಯಾರದ್ದು?

ಯಂತ್ರ ನಿಂತಾಗ ಮೊದಲು ಬರುವುದು ನಿಶ್ಶಬ್ದ. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಗುಂಯ್‌ಗುಡುವಿಕೆ ನಿಂತ ಆಘಾತಕ್ಕೇ ಸಾವಿರಾರು ಜನ ಸಾಯುತ್ತಾರೆ. ಕತ್ತಲಲ್ಲಿ, ಸಾಯುತ್ತಿರುವ ಜನರ ನಡುವೆ, ತಾಯಿ ಮಗ ಒಬ್ಬರನ್ನೊಬ್ಬರು ಕಂಡುಕೊಳ್ಳುತ್ತಾರೆ. ಈಗ ಮುಟ್ಟುತ್ತಾರೆ, ಮಾತಾಡುತ್ತಾರೆ, ಅಳುತ್ತಾರೆ. ನೆಲದ ಮೇಲೆ ಜನ ಇದ್ದಾರೆ, ಮಂಜಿನಲ್ಲಿ, ಜರೀಗಿಡಗಳ ನಡುವೆ ಅಡಗಿ ನಮ್ಮ ನಾಗರಿಕತೆ ನಿಲ್ಲಲಿ ಎಂದು ಕಾಯುತ್ತಿದ್ದಾರೆ, ಅವರನ್ನು ಕಂಡು ಮಾತಾಡಿದ್ದೇನೆ, ಪ್ರೀತಿಸಿದ್ದೇನೆ ಎನ್ನುತ್ತಾನೆ ಕೂನೋ.

ಆಗ ವಾಷ್ಟಿ, ನಾಳೆ ಯಾರೋ ಒಬ್ಬ ಮೂರ್ಖ ಯಂತ್ರವನ್ನು ಮತ್ತೆ ಶುರು ಮಾಡುತ್ತಾನೆ ಎನ್ನುತ್ತಾಳೆ. ಇಲ್ಲ, ಎಂದಿಗೂ ಇಲ್ಲ, ಮನುಕುಲ ಪಾಠ ಕಲಿತಿದೆ ಎನ್ನುತ್ತಾನೆ ಮಗ. ಅವನು ಹಾಗೆನ್ನುತ್ತಿರುವಾಗಲೇ ವಾಯುನೌಕೆಯೊಂದು ಬಂದು ಬಡಿದು ಇಡೀ ನಗರವನ್ನು ಸೀಳುತ್ತದೆ.

ಬಹಳ ಜನ ಕೂನೋನ ಮಾತನ್ನೇ ಕತೆಯ ತೀರ್ಮಾನ ಎಂದು ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ವಾಷ್ಟಿಯ ಮಾತನ್ನು ಇನ್ನೊಮ್ಮೆ ನೋಡಿ. ಅದು ಯಾವ ಉಪನ್ಯಾಸದಿಂದ ಬಂದದ್ದೂ ಅಲ್ಲ. ಅವಳ ಕಣ್ಣೆದುರು ನಡೆದ ಕುಸಿತದಿಂದ, ಅವಳ ಅನುಭವದಿಂದ ಬಂದದ್ದು. ಇಡೀ ಬದುಕು ಹೊಸ ವಿಚಾರಕ್ಕಾಗಿ ಹುಡುಕಿದವಳಿಗೆ ನಿಜಕ್ಕೂ ತನ್ನದೇ ಆದ ವಿಚಾರವೊಂದು ಸಿಕ್ಕಿರುವುದು ಈಗ. ಮತ್ತು ಅದು ಮಗನ ಭರವಸೆಗಿಂತ ಗಟ್ಟಿಯಾದ ವಿಚಾರ. ಕತೆ ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಮೊದಲೇ ಮಾತನ್ನು ಕಡಿದುಬಿಡುತ್ತದೆ. ಹಾಗಾಗಿ ಕತೆಯ ಕೇಂದ್ರದಲ್ಲಿರುವವಳು ವಾಷ್ಟಿ ಎಂದೇ ನಾನು ಓದುತ್ತೇನೆ. ಕೂನೋ ಮೊದಲಿನಿಂದಲೂ ಎಚ್ಚರವಾಗಿದ್ದವನು, ಅವನು ಬದಲಾಗುವುದೇ ಇಲ್ಲ.

ಕತೆಯಲ್ಲಿ ಕೊರತೆಗಳೂ ಇವೆ, ಮುಚ್ಚಿಡುವ ಅಗತ್ಯವಿಲ್ಲ. ಕೂನೋ ಕೆಲವು ಕಡೆ ಪಾತ್ರವಾಗಿ ಉಳಿಯದೆ ಫಾರ್ಸ್ಟರ್ ಅವರ ಭಾಷಣಕಾರನಾಗುತ್ತಾನೆ. ಯಂತ್ರ ನಮ್ಮಿಂದ ಏನೇನು ಕಸಿದುಕೊಂಡಿತು ಎಂದು ಅವನು ಪಟ್ಟಿ ಮಾಡುವ ಜಾಗ ಪ್ರಸಿದ್ಧ, ಆದರೆ ಪ್ಲಾಟ್‌ಫಾರ್ಮಿನ ನಡಿಗೆ ತೋರಿಸಿದ್ದನ್ನೇ ಅದು ಮತ್ತೆ ಬಾಯಿಬಿಟ್ಟು ಹೇಳುತ್ತದೆ. ವೆಸೆಕ್ಸ್ ಬೆಟ್ಟಗಳ ವರ್ಣನೆಯಲ್ಲಿ ಹಳೆಯ ಇಂಗ್ಲೆಂಡಿನ ಬಗ್ಗೆ ಅತಿಯಾದ ಮೋಹವಿದೆ. ನೆಲದ ಮೇಲಿನ ಬದುಕಿನಲ್ಲಿ ಹಸಿವು, ಚಳಿ, ಕಾಯಿಲೆ ಇರುತ್ತವೆ ಎಂಬುದನ್ನು ಕತೆ ಹೆಚ್ಚು ಯೋಚಿಸುವುದಿಲ್ಲ. ಯಂತ್ರ ಹುಟ್ಟಿದ್ದೇ ಅವುಗಳಿಂದ ಪಾರಾಗಲು ಅಲ್ವಾ? ಆ ವಾದಕ್ಕೂ ಕತೆಯಲ್ಲಿ ಒಂದು ಒಳ್ಳೆಯ ಬಾಯಿ ಇರಬೇಕಿತ್ತು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನೆಲದ ಮೇಲಿನ ಆ ಹುಡುಗಿ. ರಿಪೇರಿ ಉಪಕರಣದ ಬಿಳಿ ಹುಳುಗಳು ಕೂನೋನನ್ನು ಎಳೆದೊಯ್ಯುವಾಗ ಅವನ ಕೂಗಿಗೆ ಅವಳು ಓಡಿಬರುತ್ತಾಳೆ, ಹುಳು ಅವಳ ಕೊರಳನ್ನು ಚುಚ್ಚಿ ಕೊಲ್ಲುತ್ತದೆ. ಯಾರನ್ನೋ ಹಿಡಿದುಕೊಳ್ಳಲು ಕೈಚಾಚಿದ ಪರಿಚಾರಕಿಯಂತೆ ಇವಳೂ ಇನ್ನೊಬ್ಬನ ನೆರವಿಗೆ ಬಂದವಳು. ಆದರೆ ಅವಳಿಗೆ ಹೆಸರಿಲ್ಲ, ಮಾತಿಲ್ಲ. ಅವಳ ಸಾವು ಕೂನೋನ ವರದಿಯಲ್ಲಿ ಬಂದು ಹೋಗುವ ಒಂದೆರಡು ಸಾಲು. ಪ್ರತಿಯೊಬ್ಬ ವ್ಯಕ್ತಿಯೂ ಮುಖ್ಯ ಎಂದು ವಾದಿಸುವ ಕತೆ ಅವಳಿಗೆ ಇನ್ನಷ್ಟು ಜಾಗ ಕೊಡಬೇಕಿತ್ತು.